ಹೆಬ್ಬಗೋಡಿಯಾಚೆಯ ಹೊಲದ ಮನೆ

ಬೆಂಗಳೂರು ಮೆಟ್ರೋದ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರಕ್ಕೆ ಒಂದು ನಿಲ್ದಾಣ ಮೊದಲೇ ಇಳಿದರೆ ಹೆಬ್ಬಗೋಡಿ. 2025ರ ಆಗಸ್ಟ್ 10ರಂದು ಈ ಮಾರ್ಗ ಉದ್ಘಾಟನೆಯಾದ ಮೇಲೆ ಇಲ್ಲಿಗೆ ಬರಲು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆಯುಷ್ಯ ಸವೆಸಬೇಕಿಲ್ಲ. ಹೊಸೂರು ರಸ್ತೆಯಿಂದ ಊರೊಳಗೆ ಹೊಕ್ಕರೆ ಗಲ್ಲಿಗಲ್ಲಿಗೂ ‘ಮನೆ ಬಾಡಿಗೆಗೆ ಇದೆ’ ಬೋರ್ಡು, ಪಿ.ಜಿ.ಗಳು, ಶಿಫ್ಟ್ ಮುಗಿಸಿ ಬಂದವರ ಒಡಿಯಾ, ಹಿಂದಿ, ಉತ್ತರ ಕರ್ನಾಟಕದ ಕನ್ನಡ. ಹಳ್ಳಿಯಲ್ಲಿ ರಜೆ ಕಳೆಯಬೇಕೆಂದು ಹೊರಟವರು ಇಲ್ಲಿ ನಿಲ್ಲುವುದಿಲ್ಲ. ಆನೇಕಲ್ ಬಸ್ಸು ಹತ್ತುತ್ತಾರೆ. ನಾವೂ ಹತ್ತಿದೆವು.

ಫ್ರಾನ್ಸಿನಲ್ಲಿ ಇಂಥ ರಜೆಗೆ ‘ಝೀತ್’ ಎಂಬ ಹಳ್ಳಿಮನೆಗಳಿವೆ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಯುವಕರು ಊರು ಬಿಟ್ಟು ಪಟ್ಟಣ ಸೇರುತ್ತಿದ್ದರು. ರೈತರ ಪಾಳುಮನೆಗಳನ್ನು ದುರಸ್ತಿ ಮಾಡಿ ಪಟ್ಟಣದವರಿಗೆ ರಜೆಗೆ ಕೊಟ್ಟರೆ ಬೇಸಾಯದ ಜೊತೆಗೆ ಇನ್ನೊಂದು ಆದಾಯವಾದೀತು ಎಂಬ ಲೆಕ್ಕದಿಂದ 1951ರಲ್ಲಿ ಆಲ್ಪ್ಸ್ ಸೀಮೆಯಲ್ಲಿ ಮೊದಲ ಮನೆ ತೆರೆಯಿತು. 1955ರಲ್ಲಿ ಇಂಥ ಮನೆಗಳ ಒಕ್ಕೂಟವೇ ಹುಟ್ಟಿತು. ಅಲ್ಲಿ ಮನೆಯ ದರ್ಜೆ ತೋರಿಸುವುದು ನಕ್ಷತ್ರಗಳಲ್ಲ, ಗೋಧಿ ತೆನೆಗಳು.

ಹೆಬ್ಬಗೋಡಿಯ ರೈತನಿಗೂ ಅತಿಥಿಗಳಿಂದಲೇ ಆದಾಯ ಬಂತು. ಆದರೆ ಬಂದವರು ರಜೆಗಲ್ಲ, ಕೆಲಸಕ್ಕೆ. ರಾಗಿ ಬೆಳೆದ ಜಾಗದಲ್ಲಿ ಸಾಲುಕೋಣೆಗಳೆದ್ದವು. ಹೊಲದ ನಡುವೆ ಮಲಗುವ ಸುಖ ಬೇಕೆಂದರೆ ಈಗ ಚಂದಾಪುರ ದಾಟಬೇಕು, ಆನೇಕಲ್ ಪೇಟೆಯನ್ನೂ ದಾಟಬೇಕು. ಅಲ್ಲಿಯ ಫಾರ್ಮ್ ಸ್ಟೇಗಳಲ್ಲಿ ಹಲವು ಬೆಂಗಳೂರಿನವರ ವಾರಾಂತ್ಯದ ತೋಟಗಳು. ಕೋಣೆ ಕಾಯ್ದಿರಿಸುವ ಮುನ್ನ ಈಜುಕೊಳ ಇದೆಯೇ ಎಂದು ಕೇಳುವುದಕ್ಕಿಂತ ಮನೆಯವರು ಅಲ್ಲೇ ಇರುತ್ತಾರೆಯೇ ಎಂದು ಕೇಳುವುದು ವಾಸಿ. ಮಾಲೀಕ ಬರೀ ಫೋನಿನಲ್ಲಿ ಸಿಗುವವನಾದರೆ ಅದು ಬೇಲಿ ಹಾಕಿದ ಹೋಟೆಲು, ಅಷ್ಟೇ.

ನಾವು ತಂಗಿದಲ್ಲಿ ಮನೆಯವರಿದ್ದರು. ಜಗಲಿಗೆ ಹೊಂದಿಕೊಂಡು ಕೊಟ್ಟಿಗೆ, ಎದುರಿಗೆ ತೆನೆ ಬಾಗಿದ ರಾಗಿ, ಅದರ ನಡುವೆ ಅವರೆಯ ಅಕ್ಕಡಿ ಸಾಲು. ರಾತ್ರಿ ಬಿಸಿ ಮುದ್ದೆ, ಬಸ್ಸಾರು. ಊಟ ಬಡಿಸುತ್ತ ಮನೆಯಾಕೆ, ಕತ್ತಲಾದ ಮೇಲೆ ಹೊಲದ ಕಡೆ ಹೋಗಬೇಡಿ ಎಂದರು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚು ಇಲ್ಲಿಂದ ದೂರವಿಲ್ಲ. ರಾಗಿ ಹಾಲುಗಟ್ಟುವ ಹೊತ್ತಿಗೆ ಆನೆಗಳು ಸರಿಯಾಗಿ ಲೆಕ್ಕ ಹಾಕಿಕೊಂಡು ಬರುತ್ತವೆ. ನಮಗೆ ರಜೆಯ ಕಾಲ, ಮನೆಯವರಿಗೆ ಅಟ್ಟಣೆ ಮೇಲೆ ನಿದ್ದೆಗೆಡುವ ಕಾಲ. ತಿಂಗಳುಗಟ್ಟಲೆ ಮಾಡಿದ ಬೇಸಾಯ ಒಂದೇ ರಾತ್ರಿಗೆ ನೆಲಸಮವಾಗಬಹುದು. ಅಂಥ ವರ್ಷ ಅತಿಥಿಗಳು ಕೊಡುವ ಬಾಡಿಗೆ ಈ ಮನೆಗೆ ನಿಜಕ್ಕೂ ಆಸರೆಯಾಗುತ್ತದೆ. ಫ್ರಾನ್ಸಿನವರು ಎಪ್ಪತ್ತು ವರ್ಷದ ಹಿಂದೆ ಹಾಕಿದ ಲೆಕ್ಕ ನನಗೆ ಸರಿಯಾಗಿ ಅರ್ಥವಾದದ್ದು ಆ ಜಗಲಿಯಲ್ಲೇ.

ಸುತ್ತಾಡಲು ಮುತ್ಯಾಲ ಮಡುವು ಆನೇಕಲ್ಲಿಗೆ ಐದು ಕಿಲೋಮೀಟರು. ಮೆಟ್ಟಿಲಿಳಿದರೆ ಕಣಿವೆ, ಪುಟ್ಟ ಶಿವಾಲಯ, ಮಳೆಗಾಲ ಚೆನ್ನಾಗಿದ್ದರೆ ಮಾತ್ರ ಜಲಪಾತ. ಬೇಸಿಗೆಯಲ್ಲಿ ಹೋಗಿ ನೀರಿಲ್ಲವೆಂದು ಗೊಣಗುವವರನ್ನು ಕಂಡು ಅಲ್ಲಿಯ ಕೋತಿಗಳೂ ಬೇಸತ್ತಿರಬೇಕು. ತಟ್ಟೆಕೆರೆಯ ನೀರು, ಅದರ ಸುತ್ತಲ ಗುಡ್ಡ ಇನ್ನೂ ಚೆಂದ; ಆದರೆ ಅದು ಆನೆಗಳ ದಾರಿ, ಸಂಜೆಗೆ ಮೊದಲೇ ಹಿಂದಿರುಗಬೇಕು.

ಇನ್ನೊಂದು ದಿಕ್ಕಿಗೆ ಗಡಿ ದಾಟಿದರೆ ತಮಿಳುನಾಡಿನ ತಳಿ. ತಂಪು ಹವೆಗೆ ಮನಸೋತ ಬ್ರಿಟಿಷರ ಕಾಲದಿಂದ ‘ಲಿಟಲ್ ಇಂಗ್ಲೆಂಡ್’ ಎಂಬ ಅಡ್ಡಹೆಸರು ಅಂಟಿಕೊಂಡ ಊರು. ಬೋರ್ಡು ತಮಿಳಿನದಾದರೂ ಅಂಗಡಿಯಲ್ಲಿ ಕನ್ನಡ, ತೆಲುಗು ಸಲೀಸಾಗಿ ನಡೆಯುತ್ತವೆ. ಹೊಸೂರು ಸೀಮೆಯ ಗುಲಾಬಿ ತೋಟಗಳೂ ಇತ್ತಲೇ.

ವಾಪಸು ಬರುವಾಗ ಹೆಬ್ಬಗೋಡಿಗೆ ಹತ್ತಿರದ ಹುಸ್ಕೂರಿನಲ್ಲಿ ಇಳಿದೆವು. ಇಲ್ಲಿಯ ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳು ನೂರು ಅಡಿಗಿಂತಲೂ ಎತ್ತರದ ತೇರು ಕಟ್ಟಿ ಎಳೆದು ತರುತ್ತವೆ. 2024ರಲ್ಲಿ ತೇರು ಉರುಳಿತು. 2025ರಲ್ಲಿ ಮತ್ತೆ ಉರುಳಿ ಜೀವಹಾನಿಯೂ ಆಯಿತು. ಎತ್ತರದ ಪೈಪೋಟಿಗೆ ಮಿತಿ ಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಜಾತ್ರೆಯನ್ನು ನೋಡಬೇಕು, ತೇರಿನಿಂದ ದೂರ ನಿಂತು: ಸಾಲುಕೋಣೆ ಕಟ್ಟಿಸಿ ಬಾಡಿಗೆ ಎಣಿಸುವ ಮನೆಗಳವರು ಅಂದು ಹಗ್ಗಕ್ಕೆ ಕೈ ಹಚ್ಚಿ ತಮ್ಮ ತಮ್ಮ ಊರಿನ ಹೆಸರು ಕೂಗುತ್ತಾರೆ.