ಸುರಪುರದಲ್ಲಿ ಟೇಲರ್ ಕಟ್ಟಿದ್ದು, ಅಳೆದದ್ದು

ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಸುರಪುರಕ್ಕೆ 1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್‌ನನ್ನು ನಾವು ಠಗ್ಗರ ಕಾದಂಬರಿ ಬರೆದವನೆಂದೋ, ಬಾಲಕ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿಯೆಂದೋ ಗುರುತಿಸುತ್ತೇವೆ. ಎರಡೂ ಸರಿ. ಆದರೆ ಊರಿನ ಗುಡ್ಡದ ಮೇಲೆ ಆತ ಕಟ್ಟಿಸಿದ ಮನೆ ಟೇಲರ್ ಮಂಜಿಲ್, ಸುರಪುರದ ನಾಯಕರ ಕಾಲದ್ದಾಗಿದ್ದು ಟೇಲರ್ ಸುಧಾರಿಸಿದ ಬೋನಾಳ ಕೆರೆ, ಸುತ್ತಲಿನ ಶಿಲಾಗೋರಿಗಳ ಅಳತೆಯ ನಕ್ಷೆಗಳು, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆತನನ್ನು ಈ ಸೀಮೆಯ ವಾಸ್ತುಶಿಲ್ಪಿಯೆಂದು ಕರೆಯುವುದೇ ಹೆಚ್ಚು ನ್ಯಾಯ ಎನಿಸುತ್ತದೆ. ಕಟ್ಟುವ ಮೊದಲು ನೆಲವನ್ನು ಓದುವ ಅಭ್ಯಾಸ ಆತನಿಗಿತ್ತು.

ವಾಸ್ತುವಿದ್ಯೆಯನ್ನು ಕಲಿಯದವನಿಗೆ ಆ ಹೆಸರು ಹೇಗೆ ಒಪ್ಪೀತು ಎಂದು ಕೇಳಬಹುದು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ 1824ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದವನು. ಅಲ್ಲಿಂದ ನಿಜಾಮನ ಸೇನೆ ಸೇರಿದ. ಸರ್ವೆ, ಎಂಜಿನಿಯರಿಂಗ್, ಕಾನೂನು, ಭಾಷೆ ಎಲ್ಲವನ್ನೂ ತಾನೇ ಕಲಿತುಕೊಂಡ. ಆದರೆ ಪದವಿಯ ಅಳತೆಗೋಲು ಆ ಕಾಲಕ್ಕೆ ಹೊಂದುವುದಿಲ್ಲ. ಲಂಡನ್ನಿನಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆ ಹುಟ್ಟಿದ್ದೇ 1834ರಲ್ಲಿ. ನಮ್ಮಲ್ಲಿ ಈ ವೃತ್ತಿಗೆ ಕಾಯ್ದೆ ಬಂದದ್ದು 1972ರಲ್ಲಿ. ಟೇಲರ್ ಮಂಜಿಲ್ ಎದ್ದ 1840ರ ದಶಕದಲ್ಲಿ ಸಣ್ಣ ಊರೊಂದರ ವಾಸ್ತುಶಿಲ್ಪಿ ಎಂದರೆ ಜಾಗ ಆರಿಸಿ, ನಕ್ಷೆ ಬರೆದು, ಕೆಲಸವನ್ನು ನಿಂತು ಮಾಡಿಸುವವನೇ.

ನೆಲವನ್ನು ಓದುವ ಆತನ ಕಣ್ಣಿಗೆ ದೊಡ್ಡ ಸಾಕ್ಷಿ ಮಾತ್ರ ಮನೆಯಲ್ಲ, ಗೋರಿಗಳು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳು, ರಾಜನಕೋಳೂರಿನಲ್ಲಿ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳು ಸಾವಿರಾರು ವರ್ಷಗಳಿಂದ ಇದ್ದವು. ಟೇಲರ್ ಅವುಗಳ ಮುಂದೆ ನಿಂತು ಬೆರಗಾಗಿ ಸುಮ್ಮನಾಗಲಿಲ್ಲ. ಕಲ್ಲಿನಿಂದ ಕಲ್ಲಿಗೆ ಇರುವ ಅಂತರ ಅಳೆದ. ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಅಗೆಸಿದಾಗ ಮೇಲಿನ ಮಣ್ಣಿನಿಂದ ತಳದ ಎಲುಬು, ಮಡಕೆಗಳವರೆಗೆ ಯಾವ ಪದರದಲ್ಲಿ ಏನಿದೆ ಎಂಬುದನ್ನು ಸೀಳುನೋಟದ ಚಿತ್ರವಾಗಿ ಬರೆದಿಟ್ಟ. ಕಟ್ಟಡವನ್ನು ನಡುವೆ ಕೊಯ್ದು ತೋರಿಸುವ ನಕ್ಷೆಯ ಕ್ರಮವೇ ಇದು. ಅಗೆತವೆಂದರೆ ನಿಧಿ ಹುಡುಕುವುದೆಂದೇ ಬಹುತೇಕರು ತಿಳಿದಿದ್ದ ಕಾಲದಲ್ಲಿ ಇಂಥ ಶಿಸ್ತು ಅಪರೂಪ. ನೂರು ವರ್ಷಗಳ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ಮೆಚ್ಚಿ ಬರೆದದ್ದು ಅದಕ್ಕೇ. ವಿಜಾಪುರದ ಕಟ್ಟಡಗಳ ಕುರಿತು, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಕುರಿತು 1866ರಲ್ಲಿ ಬಂದ ಎರಡು ದೊಡ್ಡ ಚಿತ್ರಗ್ರಂಥಗಳಲ್ಲೂ, ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್‌ನ ಜೊತೆಗೆ, ಟೇಲರ್‌ನ ಬರಹವಿದೆ.

ಪದವಿಯ ಪ್ರಶ್ನೆಗಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಲ್ಲು ಒಡೆದವರು, ಗಾರೆ ಅರೆದವರು, ಕೆರೆಯ ಏರಿಗೆ ಮಣ್ಣು ಹೊತ್ತವರು ಇಲ್ಲಿಯವರು. ಹೆಸರು ಉಳಿದದ್ದು ಹೊರಗಿನವನದು. ಆತ ಪ್ರತಿನಿಧಿಸಿದ ಅಧಿಕಾರವೇ 1858ರಲ್ಲಿ ಬಂಡೆದ್ದ ವೆಂಕಟಪ್ಪ ನಾಯಕನನ್ನು ಸೆರೆಹಿಡಿದು ಸಂಸ್ಥಾನವನ್ನು ಮುಗಿಸಿತು. ಟೇಲರ್‌ನನ್ನು ಅಪ್ಪಾ ಎಂದು ಕರೆಯುತ್ತಿದ್ದ ಆ ತರುಣ ರಾಜ ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ಸತ್ತ. ಈ ನೋವನ್ನು ಟೇಲರ್‌ನ ಒಳ್ಳೆಯತನದಿಂದ ತೂಗಿ ಸರಿಮಾಡಲಾಗದು. ಮಂಜಿಲ್ಲಿನ ಚರಿತ್ರೆ ಬರೆಯುವಾಗ ಕುಶಲಕರ್ಮಿಗಳ ಪಾಲನ್ನೂ ರಾಜನ ಕಥೆಯನ್ನೂ ಅದರೊಳಗೇ ಬರೆಯಬೇಕು. ಹಾಗೆಂದು ನಕ್ಷೆಗಳನ್ನು ಪಕ್ಕಕ್ಕಿಡಲು ಬರುವುದಿಲ್ಲ. ನಿಧಿಯ ಆಸೆಗೆ ಗೋರಿ ಕೆಡವುವವರು ಇಂದಿಗೂ ಇದ್ದಾರೆ. ಯಾವ ಚಪ್ಪಡಿ ಎಲ್ಲಿತ್ತು, ಸಾಲು ಎಲ್ಲಿಯವರೆಗೆ ಹೋಗಿತ್ತು ಎಂದು ಶಹಾಪುರ, ಸುರಪುರದ ಇಂದಿನ ಸಂಶೋಧಕರು ತಾಳೆ ನೋಡಬೇಕಾದರೆ ಟೇಲರ್ 1850ರ ಸುಮಾರಿಗೆ ಮಾಡಿಟ್ಟ ಅಳತೆಗಳಿಂದಲೇ ತೊಡಗಬೇಕು.