ವಜ್ರದ ವರ್ಣವಿಚಾರ

ಮದುವೆಯ ಕಾಲದಲ್ಲಿ ಶಕ್ತ್ಯನುಸಾರವಾಗಿ ಕೊಂಡ ಸಣ್ಣ ವಜ್ರದುಂಗುರವನ್ನು, ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಅಂಗಡಿಗೆ ಒಪ್ಪಿಸಿ, ಮೇಲೆ ಹಣ ಸೇರಿಸಿ ದೊಡ್ಡ ಹರಳಿನ ಉಂಗುರವನ್ನು ಪಡೆಯುವ ರೂಢಿಯು ಈಚೆಗೆ ನಮ್ಮ ಪಟ್ಟಣಗಳ ಗೃಹಸ್ಥರಲ್ಲಿ ಹಬ್ಬುತ್ತಿದೆ. ಇದನ್ನು ನಾವು ಆಕ್ಷೇಪಿಸುವವರಲ್ಲ. ಬಹುಕಾಲ ಮಿತವ್ಯಯದಿಂದ ಸಂಸಾರ ನಡೆಸಿದ ದಂಪತಿಗಳು ಒಂದು ಶುಭಸಂದರ್ಭದಲ್ಲಿ ಇಂಥದನ್ನು ಬಯಸಿದರೆ ತಪ್ಪೇನು? ಆದರೆ ವರ್ತಕನು ಹರಳಿನೊಡನೆ ಒಂದು ಪ್ರಮಾಣಪತ್ರವನ್ನೂ ಮುಂದಿಡುವನು. ಅದರಲ್ಲಿ ಬಣ್ಣವೆಂಬ ಶೀರ್ಷಿಕೆಯ ಎದುರಿಗೆ ಒಂದೇ ಒಂದು ಇಂಗ್ಲಿಷ್ ಅಕ್ಷರವಿರುವುದು. ಆ ಅಕ್ಷರವು ಎರಡು ಮೂರು ಮೆಟ್ಟಿಲು ಮೇಲಾದರೆ ಬೆಲೆಯೂ ಬಹಳವಾಗಿ ಏರುವುದು. ಕಣ್ಣಿಗೆ ಕಾಣದ ಅಕ್ಷರಕ್ಕೆ ಇಷ್ಟು ಹಣ ತೆರತಕ್ಕದ್ದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಆ ಅಕ್ಷರದ ಅರ್ಥವನ್ನು ತಿಳಿಯೋಣ. 1931ರಲ್ಲಿ ಸ್ಥಾಪಿತವಾದ ಅಮೆರಿಕದ ರತ್ನವಿಜ್ಞಾನ ಸಂಸ್ಥೆಯು 1953ರಲ್ಲಿ ವಜ್ರದ ಬಣ್ಣಕ್ಕೆ 'ಡಿ'ಯಿಂದ 'ಝಡ್'ವರೆಗೆ ಮೆಟ್ಟಿಲುಗಳನ್ನು ಏರ್ಪಡಿಸಿತು. ಅದಕ್ಕೆ ಮುಂಚೆ ವರ್ತಕರು 'ಎ', 'ಬಿ', 'ಸಿ'ಗಳನ್ನು ತಮತಮಗೆ ತೋರಿದಂತೆ ಬಳಸುತ್ತಿದ್ದುದರಿಂದ, ಗೊಂದಲ ತಪ್ಪಲೆಂದು ಹೊಸ ಕ್ರಮವನ್ನು 'ಡಿ'ಯಿಂದ ಆರಂಭಿಸಿದರು. 'ಡಿ', 'ಇ', 'ಎಫ್' ಎಂಬುವು ವರ್ಣರಹಿತ. 'ಜಿ'ಯಿಂದ 'ಜೆ'ವರೆಗಿನವು ವರ್ಣರಹಿತಪ್ರಾಯ. 'ಕೆ'ಯಿಂದ 'ಎಂ'ವರೆಗೆ ಮಂದವಾದ ಛಾಯೆ. ಅಲ್ಲಿಂದಾಚೆಗೆ ಹಳದಿಯು ಕ್ರಮೇಣ ವ್ಯಕ್ತವಾಗುವುದು. ವಜ್ರವು ಇಂಗಾಲದ ಹರಳಷ್ಟೆ. ಭೂಗರ್ಭದಲ್ಲಿ ಅದು ರೂಪುಗೊಳ್ಳುವಾಗ ಅತ್ಯಲ್ಪ ಸಾರಜನಕವು ಒಳಸೇರಿದರೆ ಸಾಮಾನ್ಯವಾಗಿ ಈ ಹಳದಿ ಉಂಟಾಗುವುದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪರೀಕ್ಷಕರು ಬಣ್ಣವನ್ನು ನಿರ್ಣಯಿಸುವಾಗ ಹರಳನ್ನು ಉಂಗುರಕ್ಕೆ ಕಟ್ಟದೆ ಬಿಡಿಯಾಗಿ, ಮುಖವನ್ನು ಕೆಳಗೆ ಮಾಡಿ, ನಿಯಮಿತವಾದ ಬೆಳಕಿನಲ್ಲಿ ಮಾದರಿ ಹರಳುಗಳ ಪಕ್ಕದಲ್ಲಿಟ್ಟು ನೋಡುವರು. ನಾವಾದರೋ ಅದನ್ನು ಮುಖ ಮೇಲಾಗಿ, ಚಿನ್ನದ ನಡುವೆ, ಚಲಿಸುವ ಬೆರಳಿನ ಮೇಲೆ ನೋಡುವೆವು. ಪರೀಕ್ಷಾಲಯದ ಸ್ಥಿತಿಯೇ ಬೇರೆ, ಮನೆಯ ಸ್ಥಿತಿಯೇ ಬೇರೆ.

ನಮ್ಮ ಪ್ರಾಚೀನರೂ ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ರತ್ನಪರೀಕ್ಷೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅವನು ಬಿಳಿ, ಕೆಂಪು, ಹಳದಿ, ಶಿರೀಷಪುಷ್ಪದ ಛಾಯೆ ಮುಂತಾದ ವರ್ಣಗಳನ್ನು ಜಾತಿಭೇದದಂತೆ ಹಂಚಿದ್ದಾನೆ. ಆ ಹಂಚಿಕೆ ಇಂದು ನಮಗೆ ಬೇಕಾಗಿಲ್ಲ. ಆದರೆ ಅವನು ದೋಷವೆಂದು ಎಣಿಸಿದುದು ಕಾಕಪದದಂಥ ಗುರುತು, ಕೂದಲಿನಂಥ ಗೆರೆ, ಬಿರುಕು ಮೊದಲಾದವನ್ನು. ಹಳದಿಯ ಛಾಯೆಯೊಂದರಿಂದಲೇ ವಜ್ರವು ತ್ಯಾಜ್ಯವೆಂದು ಅವನ ಮತವಲ್ಲ.

ಬಿಳುಪಿನ ಮೇಲಣ ಮೋಹವು ನಮ್ಮ ಮನೆಗಳಲ್ಲಿ ಬೇರೆ ದಾರಿಯಿಂದಲೂ ಬೇರೂರಿತು. ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯ ಹರಳುಗಳಲ್ಲಿ ಕೆಲವು ಬಿಸಿಲಿನಲ್ಲಿ ನಸುನೀಲಿಯಾಗಿ ಹೊಳೆಯುತ್ತಿದ್ದುವು. ಅವಕ್ಕೇ 'ಬ್ಲೂ ಜಾಗರ್' ಎಂಬ ಹೆಸರು. ದಕ್ಷಿಣ ಭಾರತದ ಗೃಹಿಣಿಯರು ಓಲೆಗೂ ಮೂಗುಬೊಟ್ಟಿಗೂ ಇದನ್ನೇ ಬಯಸಿದರು. ಆ ಗಣಿಯು 1971ರಲ್ಲಿ ಮುಚ್ಚಿಹೋಯಿತು; ಹೆಸರು ಮಾತ್ರ ಅಂಗಡಿಗಳಲ್ಲಿ ಉಳಿದಿದೆ. ಆ ನೀಲಿಯು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಂದ ಹುಟ್ಟುವ ಪ್ರತಿದೀಪ್ತಿ. ಅದು ಅಲ್ಪಸ್ವಲ್ಪ ಹಳದಿಯನ್ನು ಮರೆಸುವುದೂ ಉಂಟು.

ನಮ್ಮಲ್ಲಿ ಓದಿದ ಶಿಷ್ಯನೊಬ್ಬನು ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಪತ್ನಿಯ 30 ಸೆಂಟಿನ ಉಂಗುರವನ್ನು ಕೊಟ್ಟು 70 ಸೆಂಟಿನದನ್ನು ಕೊಳ್ಳಬಯಸಿದನು. ಅಂಗಡಿಯಲ್ಲಿ 'ಇ' ಬಣ್ಣದ್ದೊಂದು, 'ಐ' ಬಣ್ಣದ್ದೊಂದು ತೋರಿಸಿದರು. ಎರಡರ ಬೆಲೆಯ ಅಂತರವು ಅವನ ಮಗಳ ಒಂದು ವರ್ಷದ ಕಾಲೇಜು ಶುಲ್ಕಕ್ಕೆ ಸಮನಾಗಿತ್ತು. ಅತ್ತೆಯವರು, "ಹಳದಿ ಬಡಿದ ಹರಳು ಮನೆಗೆ ಆಗಿಬರುವುದಿಲ್ಲ" ಎಂದುದರಿಂದ, ಸಾಲ ಮಾಡಿಯಾದರೂ 'ಇ'ಯನ್ನೇ ಕೊಳ್ಳಬೇಕೆಂದು ಅವನು ನಿಶ್ಚಯಿಸಿದ್ದನು. "ಮೇಷ್ಟ್ರೇ, ತಾವೇನು ಹೇಳುತ್ತೀರಿ?" ಎಂದು ಕೇಳಿದಾಗ ನಾವು, "ಯಾವುದು ಯಾವುದೆಂದು ಹೇಳದೆ, ಎರಡನ್ನೂ ಚಿನ್ನದ ಉಂಗುರದ ಮೇಲಿರಿಸಿ, ಅಂಗಡಿಯ ದೀಪದಿಂದ ದೂರ ಬಾಗಿಲ ಬೆಳಕಿಗೆ ತಂದು ನಿಮ್ಮತ್ತೆಯವರಿಗೇ ತೋರಿಸಪ್ಪ" ಎಂದೆವು. ಆಕೆ ಹೆಚ್ಚು ಬಿಳುಪೆಂದು ಬೆರಳಿಟ್ಟು ತೋರಿಸಿದುದು 'ಐ' ಹರಳನ್ನು! ಕಾರಣವಿಷ್ಟೆ: ಅದರ ಸಾಣೆಯ ಕೆಲಸ ಉತ್ತಮವಾಗಿದ್ದು, ಒಳಹೊಕ್ಕ ಬೆಳಕನ್ನೆಲ್ಲ ಕಣ್ಣಿಗೇ ಹಿಂದಿರುಗಿಸುತ್ತಿತ್ತು. ಸಾಲದ ಮಾತು ಅಲ್ಲಿಗೇ ನಿಂತಿತು.

ಹಾಗೆಂದು ಬಣ್ಣವು ಎಂದಿಗೂ ಅಮುಖ್ಯವೆಂದು ತಿಳಿಯಬಾರದು. ಪ್ಲಾಟಿನಂ ಅಥವಾ ಬಿಳಿಚಿನ್ನದಲ್ಲಿ ಕಟ್ಟಿಸುವುದಾದರೆ ಹಳದಿ ಬೇಗ ಎದ್ದುಕಾಣುವುದು. ಅಲ್ಲಿ 'ಜಿ', 'ಎಚ್'ಗಳಿಗಿಂತ ಕೆಳಗಿಳಿಯದಿರುವುದು ಲೇಸು. ಹಳದಿಚಿನ್ನದಲ್ಲಾದರೆ 'ಜೆ', 'ಕೆ'ಗಳೂ ಶೋಭಿಸುವುವು. ಹರಳು ದೊಡ್ಡದಾದಷ್ಟೂ ಬಣ್ಣವು ಹೆಚ್ಚು ತೋರುವುದರಿಂದ, 30 ಸೆಂಟಿನಲ್ಲಿ ಅಡಗಿದ್ದ ಛಾಯೆ ಒಂದು ಕ್ಯಾರಟ್ಟಿನಲ್ಲಿ ಅಡಗದೆ ಹೋಗಬಹುದು. ಗುಂಡು ಹರಳು ಬಣ್ಣವನ್ನು ಮರೆಸುವುದು. ಉದ್ದನೆಯ ಮೆಟ್ಟಿಲು ಮುಖಗಳ ಚೌಕ ಹರಳು ಬಯಲುಮಾಡುವುದು. ಪಕ್ಕದಲ್ಲಿ ಸಣ್ಣ ಹರಳುಗಳಿದ್ದರೆ ಅವುಗಳೊಡನೆ ಬಣ್ಣ ಹೊಂದಬೇಕು. ಜೊತೆ ಓಲೆಗಳಲ್ಲಂತೂ ಒಂದರ ಬಿಳುಪಿಗಿಂತ ಎರಡರ ಸಾಮ್ಯವೇ ಮುಖ್ಯ.

ತೂಕದ ವಿಷಯದಲ್ಲಿಯೂ ಒಂದು ಮಾತು. ಕ್ಯಾರಟ್ಟೆಂದರೆ 200 ಮಿಲಿಗ್ರಾಂ. ತೂಕ ಇಮ್ಮಡಿಯಾದರೆ ಅಗಲವು ಇಮ್ಮಡಿಯಾಗದೆ ಸುಮಾರು ಕಾಲುಭಾಗ ಮಾತ್ರ ಹೆಚ್ಚುವುದು. ಅರ್ಧ ಕ್ಯಾರಟ್ಟಿನ ಗುಂಡು ಹರಳಿನ ಅಗಲ ಸುಮಾರು 5 ಮಿಲಿಮೀಟರ್, ಒಂದು ಕ್ಯಾರಟ್ಟಿನದು ಸುಮಾರು 6.5. ಪೂರ್ಣ ಕ್ಯಾರಟ್ಟೆಂಬ ಹೆಸರಿಗೇ ಬೆಲೆ ಜಿಗಿಯುವುದರಿಂದ 95 ಸೆಂಟಿನ ಹರಳಿನಲ್ಲಿ ಲಾಭವುಂಟು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳ ಬೆಲೆ ಈಗ ಬಹಳ ಇಳಿದಿದೆ. ಅವುಗಳಲ್ಲಿ ಮೇಲಿನ ಬಣ್ಣವೂ ಸುಲಭವಾಗಿ ದೊರೆಯುವುದು. ಆದರೆ ಅವನ್ನು ಮರಳಿ ಮಾರಿದರೆ ಬರುವ ಹಣ ಅತ್ಯಲ್ಪ.

ಆದುದರಿಂದ ಗೃಹಸ್ಥರು ಮೊದಲು ಸಾಣೆಯನ್ನು ನೋಡತಕ್ಕದ್ದು. ಅನಂತರ ಲೋಹಕ್ಕೆ ಒಪ್ಪುವಷ್ಟು ಬಣ್ಣವನ್ನು ಕೊಳ್ಳತಕ್ಕದ್ದು. ಅದಕ್ಕಿಂತ ಮೇಲಿನ ಅಕ್ಷರಕ್ಕೆ ತೆರುವ ಹಣವು ಕಾಗದಕ್ಕೆ ತೆತ್ತದ್ದೇ ಸರಿ. ಹಳೆಯ ಹರಳಿಗೆ ಎಷ್ಟು ಕಳೆಯುವರೆಂಬುದನ್ನು ಬರೆವಣಿಗೆಯಲ್ಲಿ ಪಡೆಯಬೇಕು. ಅನೇಕ ಅಂಗಡಿಗಳು ತಾವು ಮಾರಿದ ವಜ್ರವನ್ನು ಮಾತ್ರ, ಅದೂ ರಸೀದಿಯಿದ್ದರೆ, ಮರಳಿ ಕೊಳ್ಳುವುವು. ಆ ಹಳೆಯ ಹರಳು ಹಿರಿಯರು ಹರಸಿ ತೊಡಿಸಿದ್ದಾದರೆ ಅದನ್ನು ಕೊಡದೆ ಉಳಿಸಿಕೊಂಡು, ಹೊಸದರ ಪಕ್ಕದಲ್ಲಿ ಕಟ್ಟಿಸಬಹುದು. ಅದರ ಬೆಲೆಯನ್ನು ಅಳೆಯಲು ಯಾವ ಪ್ರಮಾಣಪತ್ರದಲ್ಲಿಯೂ ಅಕ್ಷರವಿಲ್ಲ.