ಬಿಸಿಲ ನಾಡಿನ ಅರವಟಿಗೆ

ಮರಳಿನ ಮೇಲೆ ಕೂರಿಸಿದ ಎರಡು ಮಣ್ಣಿನ ಗಡಿಗೆ, ಸುತ್ತ ಒದ್ದೆ ಗೋಣಿಚೀಲ, ಸರಪಳಿಗೆ ಕಟ್ಟಿದ ಸ್ಟೀಲ್ ಲೋಟ. ಯುಗಾದಿ ಹತ್ತಿರ ಬಂತೆಂದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಅಂಗಡಿ ಸಾಲುಗಳ ಮುಂದೆ, ಬೇವಿನ ಮರದಡಿ ಅರವಟಿಗೆಗಳು ಏಳುತ್ತವೆ. ಬ್ಯಾನರ್ ಇದ್ದರೆ ಯುವಕ ಸಂಘದ್ದೋ, ವರ್ತಕರದ್ದೋ, ಮಸೀದಿ ಕಮಿಟಿಯದ್ದೋ ಹೆಸರಿರುತ್ತದೆ. ಎಷ್ಟೋ ಕಡೆ ಯಾರ ಹೆಸರೂ ಇರುವುದಿಲ್ಲ.

ಬಿಸಿಲು 40 ಡಿಗ್ರಿ ದಾಟುವ ಸೀಮೆ ಇದು. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನೂ ಎಳೆದೊಯ್ಯುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪು. ಕರಾವಳಿಯ ಜಿಗುಟು ಸೆಕೆಯಲ್ಲಿ ಇದೇ ಗಡಿಗೆ ಇಷ್ಟು ತಂಪು ಕೊಡದು.

ಅರವಟಿಗೆಯ ಹಳೆಯ ರೂಪ ಅರವಂಟಿಗೆ; ಅದರ ‘ಅಱ’ ಎಂದರೆ ಹಳಗನ್ನಡದಲ್ಲಿ ಧರ್ಮ. ಕೆರೆ, ಸತ್ರಗಳ ಜೊತೆ ಅರವಂಟಿಗೆಗೂ ದತ್ತಿ ಬಿಟ್ಟ ಮಾತು ನಮ್ಮ ಶಾಸನಗಳಲ್ಲಿದೆ. 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ನಲುಗಿದ ಜಿಲ್ಲೆ ಬಳ್ಳಾರಿ. ಇಲ್ಲಿ ನೀರಿನ ಬೆಲೆ ಯಾರಿಗೂ ಹೇಳಿಕೊಡಬೇಕಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು. ಆದರೂ ಗದ್ದೆಗೆ ಹರಿಯುವ ನೀರು ದಾರಿಹೋಕರ ಗಂಟಲಿಗೆ ತಾನಾಗಿ ಬರುವುದಿಲ್ಲ, ಯಾರಾದರೂ ಹೊತ್ತು ತರಬೇಕು.

ಹಿಂದೆ ನೀರು ಹೊಯ್ಯಲು ಒಬ್ಬರು ಕೂತಿರುತ್ತಿದ್ದರು, ಬಂದವರು ಬೊಗಸೆ ಒಡ್ಡುತ್ತಿದ್ದರು. ಎಷ್ಟು ಎತ್ತರದಿಂದ ಹೊಯ್ಯಬೇಕು ಎಂಬುದರಲ್ಲಿ ಜಾತಿಯ ಲೆಕ್ಕವೂ ಇತ್ತು. ಅದನ್ನು ಮರೆತು ಅರವಟಿಗೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಗಡಿಗೆಗೆ ನಲ್ಲಿ ಬಂದ ಮೇಲೆ ಒಂದೇ ಲೋಟ ಎಲ್ಲರ ಕೈಗೂ ಸಿಕ್ಕಿತು. ಹಮಾಲರು, ಜೀನ್ಸ್ ಹೊಲಿಯುವ ಹುಡುಗರು, ಜಾತ್ರೆಗೆ ಹೊರಟ ಹೆಂಗಸರು ಅದರಲ್ಲೇ ಕುಡಿಯುತ್ತಾರೆ. ಕೆಲವು ವರ್ಷ ರಂಜಾನ್ ಬಿಸಿಲಿನ ದಿನಗಳಲ್ಲೇ ಬಂದಿತ್ತು. ಹನಿ ನೀರೂ ಮುಟ್ಟದ ರೋಜಾದ ಹುಡುಗನೊಬ್ಬ ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಬಿಂದಿಗೆ ಎತ್ತಿ ಗಡಿಗೆ ತುಂಬುತ್ತಿದ್ದ. ತೋಳಿಗೆ ಚೆಲ್ಲಿದ ನೀರನ್ನು ಅವನು ಅಂಗಿಗೆ ಒರೆಸಿಕೊಂಡದ್ದು ಇನ್ನೂ ಕಣ್ಣಲ್ಲಿದೆ.

ರಾಜ್ಯೋತ್ಸವದ ದಿನ ಸಂಘಸಂಸ್ಥೆಗಳಿಗೆ ಶಾಲು ಹೊದಿಸುವಾಗ ಗಡಿಗೆ ತುಂಬುವ ಇಂಥವರ ಹೆಸರು ಪಟ್ಟಿಯಲ್ಲಿರುವುದಿಲ್ಲ. ಉದ್ಘಾಟನೆಯ ಫೋಟೊ ಪತ್ರಿಕೆಯಲ್ಲಿ ಬಂದ ವಾರಕ್ಕೇ ಒಣಗಿದ ಗಡಿಗೆಗಳನ್ನೂ ಕಂಡಿದ್ದೇನೆ, ಸಂಕಟವಾಗುತ್ತದೆ. ಅರವಟಿಗೆ ಇಡುವುದು ಒಂದು ದಿನದ ಕೆಲಸ. ದಿನಾ ತೊಳೆದು, ಎರಡು ಹೊತ್ತು ತುಂಬಿ, ಮುಂಗಾರಿನವರೆಗೆ ನಡೆಸುವುದು ವ್ರತ. ಸನ್ಮಾನ ಆ ತುಂಬುವ ಕೈಗಳಿಗೆ ಸಲ್ಲಬೇಕು.

ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರ ಹೂ ಮಾರುವ ಮುದುಕಿಯೊಬ್ಬರು ಗಡಿಗೆ ತೊಳೆದ ನೀರನ್ನು ಬೇವಿನ ಬುಡಕ್ಕೆ ಚೆಲ್ಲುತ್ತಿದ್ದರು.

“ಇದನ್ನ ಯಾರು ಇಟ್ಟಾರವ್ವಾ?”

“ಇಟ್ಟೋರು ಯಾರೋ ಏನೋ ಯಪ್ಪಾ, ತುಂಬೋದು ನಾವು. ಲಗೂನ ಕುಡಿ, ನಿನ್ನ ಬಸ್ಸು ಬಂತು.”